ಕೈ ಬೀಸಿಕೊಂಡು ಬಂದ ಗಿರಾಕಿ

ಕಲಬುರಗಿ ಕೋಟೆಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಎರಡನ್ನು ನೋಡಿ ತಿರುಗಿಬಿಡುತ್ತಾರೆ. ಒಂದು, 1367ರ ಜಾಮಿ ಮಸೀದಿ. ಇನ್ನೊಂದು, ಬುರುಜಿನ ಮೇಲಿನ ಉದ್ದನೆಯ ತೋಪು. ನೋಡಬೇಕಾದ ಮೂರನೆಯದೊಂದಿದೆ: ಎರಡೂ ಮಗ್ಗುಲಲ್ಲಿ ಕಮಾನು ಕೋಣೆಗಳು ಸಾಲಾಗಿ ನಿಂತಿರುವ ಬೀದಿ. ಅದಕ್ಕೆ ಬಜಾರ್ ಬೀದಿ ಎಂದೇ ಹೆಸರು. ತೋಪಿನ ಮುಂದೆ ಫೋಟೋ ತೆಗೆಸಿಕೊಂಡವರು ಇಲ್ಲಿ ನಿಲ್ಲುವುದು ಕಡಿಮೆ. ಅಂಗಡಿಯಲ್ಲಿ ಸಾಮಾನೇ ಇಲ್ಲದ ಮೇಲೆ ನೋಡುವುದೇನನ್ನು?

ಸಾಮಾನು ಇದ್ದ ಕಾಲವನ್ನು ನೆನೆದರೆ ಬೀದಿ ಬೇರೆಯಾಗಿ ಕಾಣುತ್ತದೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಈ ಊರು ಸುಮಾರು ಮುಕ್ಕಾಲು ಶತಮಾನ ರಾಜಧಾನಿಯಾಗಿತ್ತು. ಸುಲ್ತಾನ ಫಿರೋಜ್ ಷಾ (1397–1422) ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸಿ ದೇಶದೇಶಗಳ ಅಪರೂಪದ ವಸ್ತುಗಳನ್ನು ತರಿಸುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ವಸ್ತುಗಳ ಜೊತೆಗೆ ವಿದ್ವಾಂಸರನ್ನೂ ಕರೆತರಬೇಕೆಂಬುದು ಆ ಹಡಗುಗಳಿಗೆ ಇದ್ದ ಅಪ್ಪಣೆ. ಸಮುದ್ರ ಕಾಣದ ಈ ಬಿಸಿಲೂರಿಗೆ ಬರುವಷ್ಟರಲ್ಲಿ ಪ್ರತಿ ಸರಕಿನ ಮೇಲೂ ಹಡಗಿನ ಬಾಡಿಗೆ, ಸುಂಕ, ಘಟ್ಟ ಹತ್ತಿಸಿದ ಕೂಲಿ ಸೇರುತ್ತಿತ್ತು. ಬೆಲೆಬಾಳುವ ವಸ್ತುವಿನ ಬೆಲೆಯಲ್ಲಿ ಅರ್ಧ ದೂರದ್ದೇ ಎಂಬ ಮಾತು ಆಗಲೂ ಸುಳ್ಳಲ್ಲ, ಈಗಲೂ ಅಲ್ಲ.

ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಅದರ ಬೆನ್ನಿಗೆ ಪೇಟೆಯ ವೈಭವವೂ ಹೋಯಿತು. 1470ರ ಸುಮಾರಿಗೆ ಆ ಪೇಟೆಯಲ್ಲಿ ಅಡ್ಡಾಡಿದ ಒಬ್ಬ ಪರದೇಶಿ ಇಂದಿನ ಪ್ರವಾಸಿಗೆ ಬಹಳ ಹತ್ತಿರದವನು. ಅವನು ರಷ್ಯದ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್. ಮಾರುವುದಕ್ಕೆಂದು ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಹೊತ್ತು ತಂದಿದ್ದ. ಬೀದರಿನಲ್ಲಿ ಕುದುರೆ, ರೇಷ್ಮೆ, ಬೂಟೇದಾರ್ ಬಟ್ಟೆ ಮಾರಾಟಕ್ಕಿದ್ದುದನ್ನು ಬರೆದಿಟ್ಟ. ಶೇಖ್ ಅಲಾವುದ್ದೀನರ ನೆನಪಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆಂದೂ, ಹಿಂದೂಸ್ತಾನದಲ್ಲಿ ಅಂಥ ಸಂತೆ ಇನ್ನೊಂದಿಲ್ಲವೆಂದೂ ಬರೆದ. ಆ ಜಾಗ ಬೇರೆಲ್ಲೂ ಅಲ್ಲ, ಕಲಬುರಗಿಯಿಂದ ಸುಮಾರು 40 ಕಿ.ಮೀ. ದೂರದ ಆಳಂದ.

ಇಷ್ಟೆಲ್ಲ ಕಂಡವನ ಒಟ್ಟು ತೀರ್ಮಾನ ಮಾತ್ರ ಸಪ್ಪೆ. ನಿಮ್ಮ ದೇಶಕ್ಕೆ ಬೇಕಾದ್ದೆಲ್ಲ ಅಲ್ಲಿದೆ ಎಂದು ಜನ ಹೇಳಿದ್ದು ಸುಳ್ಳಾಯಿತು, ಮೆಣಸು ಮತ್ತು ಬಣ್ಣ ಅಗ್ಗ, ಉಳಿದಂತೆ ನಮ್ಮ ನಾಡಿಗೆ ಒಯ್ಯುವಂಥದ್ದೇನೂ ಇಲ್ಲ ಎಂದು ಗೊಣಗಿದ್ದಾನೆ. ಪೇಟೆ ತುಂಬ ಸರಕು, ತನಗೆಂದು ಒಂದೂ ಇಲ್ಲ!

ಈ ಗೊಣಗಾಟ ಇಂದು ಬೆಂಗಳೂರಿನಲ್ಲಿ ಕೇಳುತ್ತದೆ. ವಿಠ್ಠಲ ಮಲ್ಯ ರಸ್ತೆಯ ಯು.ಬಿ. ಸಿಟಿಯಲ್ಲಿ 2008ರಲ್ಲಿ ತೆರೆದ ಮಳಿಗೆಗಳ ಸಾಲನ್ನು ನೋಡಲೆಂದೇ ಊರೂರಿಂದ ಜನ ಹೋಗುತ್ತಾರೆ. ಮಗನ ಮನೆಗೆ ಬಂದ ಕಲಬುರಗಿ ಕಡೆಯ ತಂದೆತಾಯಿಯೂ ಒಂದು ಸಂಜೆ ಅಲ್ಲಿರುತ್ತಾರೆ. ಗಾಜಿನಾಚೆ ಒಂದೇ ಒಂದು ಚೀಲ, ಅದರ ಸುತ್ತ ಬರೀ ಖಾಲಿ ಜಾಗ. ಬಾಗಿಲ ಬಳಿ ಸೂಟು ತೊಟ್ಟ ಕಾವಲುಗಾರ. ಒಳಗೆ ಕಾಲಿಟ್ಟರೆ ಕೊಳ್ಳಲೇಬೇಕೇನೋ ಎಂಬ ಅಂಜಿಕೆಯಿಂದ ತಾಯಿ ಸೆರಗು ಸರಿಮಾಡಿಕೊಂಡು ಹೊರಗೇ ನಿಲ್ಲುತ್ತಾರೆ. ಈ ಅಂಜಿಕೆಗೆ ಕಾರಣವಿಲ್ಲ. ಅಂಗಡಿ ಎಂದ ಮೇಲೆ ನೋಡುವುದು, ಮುಟ್ಟುವುದು, ಬೆಲೆ ಕೇಳುವುದು, ಬೇಡವೆನ್ನುವುದು ಎಲ್ಲವೂ ಗಿರಾಕಿಯ ಹಕ್ಕು.

ಒಳಗೆ ಹೋದವರು ಮೊದಲು ಗಮನಿಸಬೇಕಾದದ್ದು ವಸ್ತುವನ್ನಲ್ಲ, ದೀಪವನ್ನು. ವಸ್ತು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಯಾವ ಬಣ್ಣವನ್ನು ಹಿಂದಕ್ಕೆ ಕಳಿಸುತ್ತದೋ ಅದು ಅದರ ಬಣ್ಣ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಅದು ಎಲ್ಲಿಂದ ಕಳಿಸೀತು? ಹಳದಿ ಛಾಯೆಯ ದೀಪದಲ್ಲಿ ನೀಲಿಯ ಪಾಲು ಕಡಿಮೆ. ಅದರಡಿಯಲ್ಲಿ ಕೆಂಪು, ಕೇಸರಿ, ಕಂದು ಚರ್ಮ ಅರಳುತ್ತವೆ, ಕಡುನೀಲಿ ಕಪ್ಪಾಗುತ್ತದೆ. ಚಾವಣಿಯ ಸಣ್ಣ ದೀಪಗಳಿಂದ ನೇರವಾಗಿ ಬೀಳುವ ಬೆಳಕು ಜರಿಯ ಎಳೆಎಳೆಯನ್ನೂ ಮಿಂಚಿಸುತ್ತದೆ. ಅದೇ ಬಟ್ಟೆ ಮೋಡದ ದಿನ ಮನೆಯ ಪಡಸಾಲೆಯಲ್ಲಿ ಸುಮ್ಮನೆ ಮಲಗಿರುತ್ತದೆ. 

ಈ ಭೌತಶಾಸ್ತ್ರ ಕಲಬುರಗಿಯ ಹೆಣ್ಣುಮಕ್ಕಳಿಗೆ ಹೊಸದೇನೂ ಅಲ್ಲ. ಮದುವೆಯ ಜವಳಿ ತೆಗೆಯಲು ಸೂಪರ್ ಮಾರ್ಕೆಟ್‌ಗೆ ಬಂದವರು ಸೀರೆಯನ್ನು ಗಾದಿಯ ಮೇಲೆ ನೋಡಿ ಮುಗಿಸುವುದಿಲ್ಲ. ಕಟ್ಟಾ ಇಳಿದು ಬಾಗಿಲಿಗೆ ಒಯ್ಯುತ್ತಾರೆ. ಅಂಗಡಿಯವನೂ ಬೇಸರಿಸುವುದಿಲ್ಲ. “ಅಕ್ಕಾರೆ, ಹೊರಗ ಬಿಸಿಲಿಗಿ ಹಿಡದು ನೋಡ್ರಿ, ಬಣ್ಣ ಖರೇ ಅದನೋ ಇಲ್ಲೋ ಗೊತ್ತಾಗ್ತದ” ಎಂದು ತಾನೇ ಹೇಳುತ್ತಾನೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇವೆ. 

ಹಾಗಾಗಿ ಬೆಂಗಳೂರಾಗಲಿ, ಪ್ಯಾರಿಸ್ ಆಗಲಿ, ದುಬಾರಿ ಬೀದಿಗೆ ಹೋದವರು ಧೈರ್ಯವಾಗಿ ಒಳಹೋಗಿ ಹೊಲಿಗೆ ನೋಡಲಿ, ಅಸ್ತರು ತಿರುವಿ ನೋಡಲಿ. ಕೊಳ್ಳದೆ ಬಂದದ್ದಕ್ಕೆ ನಾಚುವುದು ಬೇಡ. ನಿಕಿತಿನ್ ಊರು ಮುಟ್ಟುವ ಮೊದಲೇ ತೀರಿಕೊಂಡ. 1475ರಲ್ಲಿ ಮಾಸ್ಕೋ ತಲುಪಿದ್ದು ಅವನ ಬರಹ ಮಾತ್ರ. ಅವನು ಕಂಡ ರೇಷ್ಮೆ, ಕುದುರೆ, ಸುಲ್ತಾನರ ಪೇಟೆ ಇಂದಿಗೂ ಗೊತ್ತಾಗುತ್ತಿರುವುದು ಏನೂ ಕೊಳ್ಳಲಾಗದೆ ಸುಮ್ಮನೆ ನೋಡಿಕೊಂಡು ಹೋದ ಆ ಗಿರಾಕಿಯಿಂದ. ಮುಂದಿನ ಸಲ ಕೋಟೆಗೆ ಹೋದವರು ಬಜಾರ್ ಬೀದಿಯಲ್ಲಿ ಐದು ನಿಮಿಷ ನಿಲ್ಲಬಹುದು. ಅಲ್ಲಿ ಈಗ ಬೆಲೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಬಿಸಿಲು ಮಾತ್ರ ಧಾರಾಳವಾಗಿದೆ.