ಕಾರನ್ನು ಬಿಟ್ಟು ಆಂಟೆನಾ ಡಿಸೈನ್ ಮಾಡಿದರೆ ಏನು ಬಂತು?

ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನಕ್ಕೆ ಯಾವ ವರ್ಷ ಹೋದರೂ ಇ.ಸಿ. ವಿಭಾಗದ ಕಡೆ ಒಂದು ಪೋಸ್ಟರ್ ಇದ್ದೇ ಇರುತ್ತದೆ: 'ವಾಹನಗಳಿಗಾಗಿ ಮೈಕ್ರೋಸ್ಟ್ರಿಪ್ ಪ್ಯಾಚ್ ಆಂಟೆನಾ'. ನಡುವೆ ಒಂದು ಗ್ರಾಫು. 5.9 ಗಿಗಾಹರ್ಟ್ಸ್ ಹತ್ತಿರ ಗೆರೆ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಸರ್ರನೆ ಕೆಳಗಿಳಿದಿರುತ್ತದೆ. ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಮೈನಸ್ 32 ಡಿಬಿ'. ಕೆಳಗೆ ಬಣ್ಣಬಣ್ಣದ ರೇಡಿಯೇಶನ್ ಪ್ಯಾಟರ್ನ್. ಎಲ್ಲಾ ಇದೆ, ವಾಹನ ಒಂದು ಬಿಟ್ಟು. ಆಂಟೆನಾ ಸಿಮ್ಯುಲೇಶನ್ ಪೆಟ್ಟಿಗೆಯೊಳಗೆ ಗಾಳಿಯಲ್ಲಿ ಒಂಟಿಯಾಗಿ ತೇಲುತ್ತಿರುತ್ತದೆ. ಸುತ್ತ ತಗಡಿಲ್ಲ, ಗಾಜಿಲ್ಲ, ರಸ್ತೆಯಿಲ್ಲ, ಮನುಷ್ಯರಿಲ್ಲ.

ನನ್ನ ವಾದ ಸರಳ. ಹೆಸರಿನಲ್ಲಿ 'ವಾಹನ' ಅಂತ ಹಾಕಿದ ಮೇಲೆ ಮಾಡೆಲ್‌ನಲ್ಲೂ ವಾಹನ ಇರಬೇಕು. ಇದು ದೊಡ್ಡ ಕಂಪನಿಗಳಿಗೆ ಮಾತ್ರ ಆಗುವ ಕೆಲಸ ಅನ್ನೋದು ಪೂರ್ತಿ ನಿಜ ಅಲ್ಲ. ಅದರ ಮೊದಲ ಹಂತ ನಮ್ಮ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ.

ಮೊದಲು ಆ ಮೈನಸ್ 32ರ ವಿಚಾರ ನೋಡೋಣ. ಎಸ್-11 ಹೇಳೋದು ಒಂದೇ ಸಂಗತಿ: ಕೇಬಲ್‌ನಲ್ಲಿ ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬಂತು ಅಂತ. ವಾಪಸ್ ಬರದೇ ಇದ್ದದ್ದು ಗಾಳಿಗೆ ಹೋಯಿತೋ, ಸಬ್‌ಸ್ಟ್ರೇಟ್‌ನಲ್ಲಿ ಬಿಸಿಯಾಗಿ ಮುಗಿಯಿತೋ, ಅದು ಹೇಳೋದಿಲ್ಲ. ಲ್ಯಾಬಿನಲ್ಲಿರುವ 50 ಓಮ್ ಡಮ್ಮಿ ಲೋಡ್‌ಗೂ ಎಸ್-11 ಅದ್ಭುತವಾಗಿರುತ್ತದೆ. ಹಾಗಂತ ಅದನ್ನು ಯಾರೂ ಕಾರಿಗೆ ಕೂರಿಸಲ್ಲ. ಮೈನಸ್ 10 ಡಿಬಿ ಅಂದರೆ ನೂರಕ್ಕೆ 10 ಪಾಲು ವಾಪಸ್, 90 ಪಾಲು ಒಳಗೆ. ಮೈನಸ್ 32 ಅಂದರೆ ಹೆಚ್ಚೂಕಮ್ಮಿ ನೂರಕ್ಕೆ ನೂರೂ ಒಳಗೆ. ಅಂದರೆ 10ರಿಂದ 32ಕ್ಕೆ ಇಳಿಸಲು ಇಡೀ ಸೆಮಿಸ್ಟರ್ ಸ್ಲಾಟ್ ಕೊರೆದು, ಫೀಡ್ ಜರುಗಿಸಿ ಗಳಿಸೋದು ಅರ್ಧ ಡಿಬಿಗಿಂತಲೂ ಕಡಿಮೆ.

ಈಗ ವಾಹನ ಏನು ಮಾಡುತ್ತೆ ನೋಡಿ. ಪಠ್ಯಪುಸ್ತಕದ ಕಾಲು ತರಂಗಾಂತರದ ಮಾನೋಪೋಲ್ ನಿಂತಿರೋದು ಅಂತ್ಯವೇ ಇಲ್ಲದ ಗ್ರೌಂಡ್ ಪ್ಲೇನ್ ಮೇಲೆ. ಅಲ್ಲಿ ಅದರ ಇಂಪಿಡೆನ್ಸ್ ಸುಮಾರು 36.5 ಓಮ್, ಗೇನ್ 5.15 ಡಿಬಿಐ, ಅದೂ ಸರಿಯಾಗಿ ದಿಗಂತದ ಕಡೆಗೆ. ಆದರೆ ಕಾರಿನ ಟಾಪ್ ಒಂದೆರಡು ಮೀಟರಿಗೆ ಮುಗಿದುಹೋಗುತ್ತದೆ. ಟಾಪಿನ ಮೇಲೆ ಹರಿದ ಕರೆಂಟು ಅಂಚಿಗೆ ಹೋಗಿ, ಅಲ್ಲಿಂದ ಮತ್ತೆ ತರಂಗ ಹೊರಡಿಸುತ್ತದೆ. ಪರಿಣಾಮ, ಬೀಮ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ದೊಡ್ಡದೇ ಆದರೂ ಅಂಚಿರುವ ತಗಡಿನ ಮೇಲೆ ದಿಗಂತದ ಕಡೆಯ ಫೀಲ್ಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅಂದರೆ 6 ಡಿಬಿ ನಷ್ಟ. ಎದುರಿನ ಕಾರು, ಪಕ್ಕದ ಲಾರಿ, ದೂರದ ಟವರ್ ಇವೆಲ್ಲ ಇರೋದು ಆ ದಿಗಂತದ ಕಡೆಗೇ. ಅರ್ಧ ಡಿಬಿಗೆ ಆರು ತಿಂಗಳು ಒದ್ದಾಡಿ 6 ಡಿಬಿ ಕಡೆ ತಿರುಗಿಯೂ ನೋಡದಿದ್ದರೆ, ಅದಕ್ಕೆ ಇಂಜಿನಿಯರಿಂಗ್ ಅಂತ ಹೇಗೆ ಹೇಳೋದು?

ಎಫ್‌ಎಂಗೆ ಬಂದರೆ ಇದು ಇನ್ನೂ ಸ್ಪಷ್ಟ. 100 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 3 ಮೀಟರ್. ಕಾರೇ ಸುಮಾರು 4 ಮೀಟರ್ ಉದ್ದ. ಅಲ್ಲಿ ಟಾಪ್ ಮೇಲಿನ ಚೋಟುದ್ದ ಕಡ್ಡಿ ಬರೀ ನೆಪ. ಕರೆಂಟು ಹರಿಯೋದು ಇಡೀ ಬಾಡಿಯಲ್ಲಿ. ಎಷ್ಟೋ ಕಾರುಗಳಲ್ಲಿ ಹಿಂದಿನ ಗ್ಲಾಸಿನ ಮಂಜು ಕರಗಿಸುವ ತಂತಿಗೆರೆಗಳನ್ನೇ ಎಫ್‌ಎಂ ಆಂಟೆನಾ ಮಾಡಿಕೊಂಡಿರುತ್ತಾರೆ. ಇನ್ನು ಶಾರ್ಕ್ ಫಿನ್ ತಗೊಳ್ಳಿ. ಅದು ಕೂತಿರೋದು ಟಾಪಿನ ಹಿಂದಿನ ತುದಿಯಲ್ಲಿ. ಮುಂದಕ್ಕೆ ಉದ್ದನೆಯ ತಗಡು, ಹಿಂದಕ್ಕೆ ಸ್ವಲ್ಪ ದೂರದಲ್ಲೇ ಇಳಿಜಾರು ಗಾಜು. ಹಾಗಾಗಿ ಮುಂದಿನ ಪ್ಯಾಟರ್ನ್ ಬೇರೆ, ಹಿಂದಿನದು ಬೇರೆ. ಈಗ ಎಲ್ಲರಿಗೂ ಇಷ್ಟವಾದ ಪನೋರಮಿಕ್ ಸನ್‌ರೂಫ್ ಹಾಕಿದರೆ ಗ್ರೌಂಡ್ ಪ್ಲೇನ್‌ನ ದೊಡ್ಡ ಭಾಗವೇ ಮಾಯ. ಅದೇ ಆಂಟೆನಾ, ಅದೇ ಎಸ್-11, ಆದರೆ ನಡತೆ ಪೂರ್ತಿ ಬೇರೆ.

ಗಾಜೂ ಸುಮ್ಮನೆ ಕೂರುವುದಿಲ್ಲ. ಫಾಸ್ಟ್‌ಟ್ಯಾಗ್ ಕೆಲಸ ಮಾಡೋದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ. ಅದರೊಳಗೆ ಬ್ಯಾಟರಿ ಇಲ್ಲ. ಟೋಲ್‌ನ ರೀಡರ್ ಕಳಿಸಿದ ಪವರ್‌ನಲ್ಲೇ ಎದ್ದು ಉತ್ತರ ಕೊಡಬೇಕು. ಅದನ್ನು ಗಾಜಿಗೆ ಅಂಟಿಸಿದಾಗ ಸರಿಯಾಗಿ ಟ್ಯೂನ್ ಆಗುವಂತೆ ವಿನ್ಯಾಸ ಮಾಡಿರುತ್ತಾರೆ. ಬಿಸಿಲು ತಡೆಯಲು ಲೋಹದ ತೆಳು ಪದರ ಬಳಿದ ಗಾಜಾದರೆ ಆ ಪದರ ಸಿಗ್ನಲ್ಲನ್ನೂ ತಡೆಯುತ್ತದೆ. ಅದಕ್ಕೇ ಅಂಥ ಕಾರುಗಳಲ್ಲಿ ಒಳಗಿನ ಕನ್ನಡಿಯ ಹತ್ತಿರ ಸ್ವಲ್ಪ ಜಾಗಕ್ಕೆ ಪದರ ಬಳಿಯದೆ ಬಿಟ್ಟಿರುತ್ತಾರೆ. ಟ್ಯಾಗನ್ನು ಅಲ್ಲಿ ಬಿಟ್ಟು ಬೇರೆಲ್ಲೋ ಅಂಟಿಸಿ ಟೋಲ್‌ನಲ್ಲಿ ನಿಂತು ಬೈದರೆ ಪ್ರಯೋಜನ ಇಲ್ಲ.

ಟೋಲ್‌ನಲ್ಲಿ ಐದು ನಿಮಿಷ ಹೋದರೆ ಹೋಗಲಿ. ಪ್ರಾಣದ ಪ್ರಶ್ನೆ ಇರುವ ಜಾಗಗಳೂ ಇವೆ. ನಮ್ಮ ದೇಶದ ಎಐಎಸ್-140 ಮಾನದಂಡದ ಪ್ರಕಾರ ಬಸ್ಸು, ಟ್ಯಾಕ್ಸಿಯಂಥ ಸಾರ್ವಜನಿಕ ವಾಹನಗಳಲ್ಲಿ ಲೊಕೇಶನ್ ಟ್ರ್ಯಾಕರ್ ಮತ್ತು ತುರ್ತು ಬಟನ್ ಇರಬೇಕು. ಬಟನ್ ಒತ್ತಿದಾಗ ಎರಡು ರೇಡಿಯೋ ಲಿಂಕ್ ಕೆಲಸ ಮಾಡಬೇಕು. ಮೇಲೆ ಉಪಗ್ರಹದಿಂದ ಜಾಗ ತಿಳಿಯಬೇಕು, ಪಕ್ಕದ ಟವರಿಗೆ ಸಂದೇಶ ಹೋಗಬೇಕು. ಜಿಪಿಎಸ್ ಸಿಗ್ನಲ್ ನೆಲಕ್ಕೆ ಬರುವ ಹೊತ್ತಿಗೆ ಎಷ್ಟಿರುತ್ತೆ ಗೊತ್ತಾ? ಸುಮಾರು ಮೈನಸ್ 130 ಡಿಬಿಎಂ. ಒಂದು ವ್ಯಾಟನ್ನು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಎಷ್ಟೋ ಅಷ್ಟು. ಅಷ್ಟು ಸೊರಗಿ ಬಂದ ಸಿಗ್ನಲ್ಲಿಗೆ ಟ್ರ್ಯಾಕರ್ ಡಬ್ಬವನ್ನು ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಮರೆಯಲ್ಲಿ ತುರುಕಿದರೆ ಏನಾದೀತು? ರಾತ್ರಿ ಹತ್ತು ಗಂಟೆಗೆ ಕ್ಯಾಬಿನಲ್ಲಿ ಒಬ್ಬಳೇ ಪಿಜಿಗೆ ಬರುವ ಹುಡುಗಿ ಒತ್ತುವ ಬಟನ್ ಅದು. ಅವಳಿಗೆ ನಮ್ಮ ಎಸ್-11 ಗ್ರಾಫ್ ಕಟ್ಟಿಕೊಂಡು ಏನಾಗಬೇಕು?

ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯ. ಅಪಘಾತ ಆದ ಕೂಡಲೇ ಕಾರೇ 112ಕ್ಕೆ ಕರೆ ಮಾಡುತ್ತದೆ. ಅಲ್ಲಿ ಇಂಜಿನಿಯರ್‌ಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ನೋಡಿ: ಕಾರು ಮಗುಚಿ ಬಿದ್ದು, ಟಾಪ್ ಕೆಳಗೆ, ಶಾರ್ಕ್ ಫಿನ್ ಪುಡಿಪುಡಿ ಆಗಿದ್ದರೆ ಕರೆ ಹೋಗೋದು ಹೇಗೆ? ಇನ್ನೊಂದು ಆಂಟೆನಾ ಬೇರೆ ಜಾಗದಲ್ಲಿ ಬೇಕಾ, ಎಲ್ಲಿ ಬೇಕು? ಗಾಳಿಯಲ್ಲಿ ತೇಲುವ ಪ್ಯಾಚ್‌ನಿಂದ ಈ ಪ್ರಶ್ನೆಗೆ ಉತ್ತರ ಸಿಗೋದೇ ಇಲ್ಲ. ವಾಹನವನ್ನು ಮಾಡೆಲ್ ಮಾಡಿ, ತಲೆಕೆಳಗೆ ಮಾಡಿ, ಕೆಳಗೆ ನೆಲ ಇಟ್ಟು ನೋಡಿದರೆ ಮಾತ್ರ ಸಿಗುತ್ತದೆ.

'ಸರಿ ಮಾರಾಯ, ಇಡೀ ಕಾರನ್ನು ಮೆಶ್ ಮಾಡೋಕೆ ಯಾವ ಕಂಪ್ಯೂಟರ್ ತರೋಣ?' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ಲೆಕ್ಕ ಹಾಕಿಯೇ ಬಿಡೋಣ. ಎಫ್‌ಡಿಟಿಡಿ ವಿಧಾನದಲ್ಲಿ ಜಾಗವನ್ನೆಲ್ಲ ಚಿಕ್ಕ ಚಿಕ್ಕ ಘನಗಳಾಗಿ ಕತ್ತರಿಸಬೇಕು. ಪ್ರತಿ ಘನ ತರಂಗಾಂತರದ ಹತ್ತನೇ ಒಂದರಷ್ಟಾದರೂ ಸಣ್ಣದಿರಬೇಕು ಅನ್ನೋದು ರೂಢಿ. 5.9 ಗಿಗಾಹರ್ಟ್ಸ್‌ನಲ್ಲಿ ಅದು 5 ಮಿಲಿಮೀಟರ್. 4 ಮೀಟರ್ ಉದ್ದ, 1.8 ಮೀಟರ್ ಅಗಲ, 1.5 ಮೀಟರ್ ಎತ್ತರದ ಕಾರಿಗೆ 8 ಕೋಟಿ 64 ಲಕ್ಷ ಘನಗಳು. 12 ಮೀಟರಿನ ಬಸ್ಸಿಗೆ ಸುಮಾರು 80 ಕೋಟಿ. ಪ್ರತಿ ಘನಕ್ಕೆ ಆರು ಫೀಲ್ಡ್ ಬೆಲೆ, ತಲಾ 4 ಬೈಟ್ ಅಂದರೂ ಬಸ್ಸಿಗೆ 19 ಜಿಬಿ ಮೆಮೊರಿ ಬರೀ ಫೀಲ್ಡ್‌ಗಳಿಗೇ ಹೋಯಿತು. ಹಾಸ್ಟೆಲ್ ರೂಮಿನ 8 ಜಿಬಿ ಲ್ಯಾಪ್‌ಟಾಪ್ ಕೈ ಎತ್ತಿಬಿಡುತ್ತದೆ.

ಇಂಡಸ್ಟ್ರಿಯವರೂ ಎಲ್ಲವನ್ನೂ ಒಂದೇ ಏಟಿಗೆ ಮಾಡೋದಿಲ್ಲ. ಆಂಟೆನಾವನ್ನು ಸೂಕ್ಷ್ಮ ಮೆಶ್‌ನಲ್ಲಿ ಬೇರೆಯಾಗಿ ಬಿಡಿಸಿ, ಅದರ ಸುತ್ತಲಿನ ಫೀಲ್ಡನ್ನು ಒಂದು ಪೆಟ್ಟಿಗೆಯ ಮೇಲೆ ದಾಖಲು ಮಾಡಿಕೊಂಡು, ಆ ಪೆಟ್ಟಿಗೆಯನ್ನು ವಾಹನದ ಮೇಲೆ ಇಡುತ್ತಾರೆ. ವಾಹನದ ಬಾಡಿಗೆ ಮೊಮೆಂಟ್ ವಿಧಾನವನ್ನೋ, ಇನ್ನೂ ದೊಡ್ಡದಾದರೆ ಕಿರಣಗಳ ವಿಧಾನವನ್ನೋ ಬಳಸುತ್ತಾರೆ. ಯಾವ ಪ್ರಶ್ನೆಗೆ ಯಾವ ಆಯುಧ ಅಂತ ಆರಿಸಿಕೊಳ್ಳೋದೇ ಇಲ್ಲಿನ ಜಾಣತನ.

ಅದೇ ಜಾಣತನ ನಮಗೂ ದಾರಿ ತೋರಿಸುತ್ತದೆ. 5.9 ಗಿಗಾಹರ್ಟ್ಸ್ ಬಿಟ್ಟು ಎಫ್‌ಎಂನಿಂದ ಶುರು ಮಾಡಿ. 3 ಮೀಟರ್ ತರಂಗಾಂತರಕ್ಕೆ ಹತ್ತನೇ ಒಂದು ಅಂದರೆ 30 ಸೆಂಟಿಮೀಟರ್. ಬಸ್ಸಿನ ಮೈಯನ್ನು 30 ಸೆಂಟಿಮೀಟರ್ ಕಣ್ಣಿನ ತಂತಿಬಲೆ ಅಂತ ಭಾವಿಸಿ. ಕಿಟಕಿ ಇರುವ ಕಡೆ ತಂತಿ ತೆಗೆದುಬಿಡಿ. ಒಟ್ಟು ತಂತಿ ತುಂಡುಗಳು ಮೂರೂವರೆ ಸಾವಿರದ ಒಳಗೆ. ಮೊಮೆಂಟ್ ವಿಧಾನದ ಮ್ಯಾಟ್ರಿಕ್ಸ್‌ಗೆ 200 ಎಂಬಿ ಸಾಕು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬರೆದ ಎನ್‌ಇಸಿ-2 ಪ್ರೋಗ್ರಾಂ ಇಂಥ ಕೆಲಸಕ್ಕೇ ಇರೋದು, ಪುಕ್ಕಟೆ ಸಿಗುತ್ತದೆ. ಎಫ್‌ಡಿಟಿಡಿ ಬೇಕಿದ್ದರೆ ಓಪನ್‌ಇಎಂಎಸ್ ಕೂಡ ಪುಕ್ಕಟೆ. ಲೈಸೆನ್ಸ್ ಇಲ್ಲ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಪೆನ್‌ಡ್ರೈವಿನಲ್ಲಿ ಹಂಚಿಕೊಳ್ಳಬೇಕಾಗಿಲ್ಲ.

'ಕಾರಿನ ಕ್ಯಾಡ್ ಫೈಲ್ ಯಾರು ಕೊಡ್ತಾರೆ?' ಅನ್ನೋದು ಇನ್ನೊಂದು ತಕರಾರು. ಬೇಕಾಗಿಲ್ಲ. ಟೇಪು ಹಿಡಿದು ಅಳೆಯಿರಿ. ಟಾಪಿನ ಉದ್ದ ಅಗಲ, ಕಂಬಗಳ ಜಾಗ, ಗಾಜಿನ ಅಳತೆ, ನೆಲದಿಂದ ಎತ್ತರ. ಎಫ್‌ಎಂಗೆ ಡೋರ್ ಹ್ಯಾಂಡಲ್ ಆಕಾರ ಲೆಕ್ಕಕ್ಕೇ ಬರೋದಿಲ್ಲ. 5.9 ಗಿಗಾಹರ್ಟ್ಸ್‌ಗೆ ಬರುತ್ತದೆ, ಅಲ್ಲಿ ಡಬ್ಬದ ಮಾಡೆಲ್ ಸಾಲದು, ಒಪ್ಪುತ್ತೇನೆ. ಅಲ್ಲಿಯೂ ಕಡೇಪಕ್ಷ ಒಂದು ಮೀಟರ್ ತಗಡಿನ ಮೇಲೆ ಇಟ್ಟು, ಅಂಚಿಗೆ ಜರುಗಿಸಿ ನೋಡಬಹುದಲ್ಲ? 'ಹೊಸತೇನು' ಅಂತ ಗೈಡ್ ಕೇಳಿದರೆ ಉತ್ತರ ನಮ್ಮ ರಸ್ತೆಯಲ್ಲೇ ಇದೆ. ನಮ್ಮಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚು. ಬೈಕಿಗೆ ಟಾಪೇ ಇಲ್ಲ. ಆಂಟೆನಾ ಪಕ್ಕದಲ್ಲೇ ನೀರು ತುಂಬಿದ ಮನುಷ್ಯದೇಹ ಕೂತಿದೆ, ಹಿಂದೆ ಇನ್ನೊಂದು. ಆಟೋಗೆ ರೆಕ್ಸಿನ್ ಟಾಪು. ಜೀಪಿನ ಟಾಪ್ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಮೂಟೆ. ಬೆಳಗ್ಗೆ ಎಂಟೂವರೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ. ಜನ ತುಂಬಿದ ಬಸ್ಸಿಗೂ ಖಾಲಿ ಬಸ್ಸಿಗೂ ಒಳಗಿನ ಸಿಗ್ನಲ್‌ನಲ್ಲಿ ವ್ಯತ್ಯಾಸ ಎಷ್ಟು? ಇವೆಲ್ಲ ಒಳ್ಳೆಯ ಪ್ರಾಜೆಕ್ಟುಗಳು, ನೂರೊಂದನೇ ಪ್ಯಾಚ್ ಆಂಟೆನಾಕ್ಕಿಂತ ಖಂಡಿತ ಒಳ್ಳೆಯವು.

ಹಾಗೇ ಮಾಡೆಲ್ಲನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ಬಣ್ಣದ ಚಿತ್ರ ಬಂದ ಮಾತ್ರಕ್ಕೆ ಸತ್ಯ ಬಂತು ಅಂತಲ್ಲ. ಮೆಶ್ ಇನ್ನೂ ಸಣ್ಣದು ಮಾಡಿ ಮತ್ತೊಮ್ಮೆ ಓಡಿಸಿ. ಉತ್ತರ ಬದಲಾದರೆ ಮೊದಲನೆಯದು ಉತ್ತರವೇ ಅಲ್ಲ. ಆಮೇಲೆ ಅಳೆಯಿರಿ. ಭಾನುವಾರ ಗ್ರೌಂಡ್ ಖಾಲಿ ಇರುತ್ತೆ. ಒಂದು ಕಾರನ್ನು ನಡುವೆ ನಿಲ್ಲಿಸಿ, 30 ಡಿಗ್ರಿಗೊಮ್ಮೆ ತಿರುಗಿಸಿ, ಒಂದೇ ಎಫ್‌ಎಂ ಸ್ಟೇಷನ್ನಿನ ಸಿಗ್ನಲ್ ಮಟ್ಟ ಬರೆದುಕೊಳ್ಳಿ. ಹನ್ನೆರಡು ಬಿಂದು ಸಿಗುತ್ತವೆ. ಮಾಡೆಲ್ ಕೊಟ್ಟ ಪ್ಯಾಟರ್ನ್ ಮೇಲೆ ಅವನ್ನು ಇಟ್ಟು ನೋಡಿ. ಜಿಪಿಎಸ್‌ಗಾದರೆ ಆಂಡ್ರಾಯ್ಡ್ ಫೋನೇ ಪ್ರತಿ ಉಪಗ್ರಹದ ಸಿಗ್ನಲ್ ಬಲ ತೋರಿಸುತ್ತದೆ. ಟಾಪ್ ಮೇಲೆ ಒಮ್ಮೆ, ಡ್ಯಾಶ್‌ಬೋರ್ಡ್ ಮೇಲೆ ಒಮ್ಮೆ, ಸೀಟಿನ ಕೆಳಗೆ ಒಮ್ಮೆ ಇಟ್ಟು ಹೋಲಿಸಿ. ಹೊಂದದಿದ್ದರೆ ಇನ್ನೂ ಒಳ್ಳೆಯದು, ಯಾಕೆ ಹೊಂದಲಿಲ್ಲ ಅಂತ ಹುಡುಕುವಾಗಲೇ ನಾಲ್ಕು ವರ್ಷದ ಮ್ಯಾಕ್ಸ್‌ವೆಲ್ ತಲೆಗೆ ಹೋಗೋದು.

ಕೊನೆಯದಾಗಿ, ಪ್ರಾಜೆಕ್ಟ್ ರಿವ್ಯೂ ಮಾಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಹೆಸರಿನಲ್ಲಿ 'ವಾಹನ' ಇರುವ ಆಂಟೆನಾ ಪ್ರಾಜೆಕ್ಟ್ ಬಂದರೆ ಮೂರು ಚಿತ್ರ ಕೇಳಿ: ಆಂಟೆನಾ ಒಂಟಿಯಾಗಿದ್ದಾಗಿನ ಪ್ಯಾಟರ್ನ್, ವಾಹನದ ಮೇಲೆ ಕೂರಿಸಿದಾಗಿನ ಪ್ಯಾಟರ್ನ್, ಅಳೆದು ನೋಡಿದ ಒಂದಿಷ್ಟು ಬಿಂದು. ಎಸ್-11ಗೆ ಮೈನಸ್ 10 ಸಾಕು, ಅದರಾಚೆಗೆ ಮಾರ್ಕ್ಸ್ ಕೊಡಬೇಡಿ. ಜೂನಿಯರ್‌ಗಳಿಗೆ ಹೇಳೋದಿಷ್ಟೇ: ಏಳನೇ ಸೆಮ್ ಟಾಪಿಕ್ ಆರಿಸುವ ಮೊದಲು ಕಾಲೇಜು ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಅದರ ಟ್ರ್ಯಾಕರ್ ಆಂಟೆನಾ ಎಲ್ಲಿದೆ ಅಂತ ಡ್ರೈವರಣ್ಣನನ್ನು ಕೇಳಿ. ಅಲ್ಲಿಂದ ಆಕಾಶ ಕಾಣುತ್ತಾ ನೋಡಿ. ಪ್ರಾಜೆಕ್ಟ್ ಅಲ್ಲೇ ಸಿಗುತ್ತೆ.