ಅಜ್ಜಿನ ಮ್ಯೂಟ್ ಮಾಡಿದೋನ ಮಾತು ಕೇಳಿ

(1/6)
ನನ್ನ ಪ್ರೊಫೈಲಲ್ಲಿ ಸ್ವಲ್ಪ ಕೆಳಗೆ ಹೋದ್ರೆ ಒಂದು ರೀಲ್ ಸಿಗತ್ತೆ. ಅಜ್ಜಿ ತಾರಸಿ ಮೇಲೆ ಸಂಡಿಗೆ ಇಡ್ತಿದಾಳೆ, ನಾನು ಪಕ್ಕದಲ್ಲಿ ಹಲ್ಲು ಕಿಸಿತಿದೀನಿ. 15 ಸೆಕೆಂಡ್. ನಿಮ್ಮಲ್ಲಿ ತುಂಬಾ ಜನ ಹಾರ್ಟ್ ಒತ್ತಿದೀರಿ. ಅದರಲ್ಲಿ ಅಜ್ಜಿ ಏನೋ ಹೇಳ್ತಿದಾಳೆ, ಬಾಯಿ ಆಡ್ತಾ ಇದೆ. ಆದ್ರೆ ಕೇಳಲ್ಲ. ಯಾಕಂದ್ರೆ ಆ ವಾರ ಟ್ರೆಂಡಿಂಗಲ್ಲಿದ್ದ ಹಿಂದಿ ಹಾಡು ಹಾಕಿ, ಒರಿಜಿನಲ್ ಸೌಂಡನ್ನ ನಾನೇ ಸೊನ್ನೆಗೆ ಇಳಿಸಿದ್ದೆ. ಆಮೇಲೆ ಸ್ಟೋರೇಜ್ ಫುಲ್ ಅಂತ ಬಂತು, ಗ್ಯಾಲರಿಯಲ್ಲಿದ್ದ ಒರಿಜಿನಲ್ಲನ್ನೂ ಡಿಲೀಟ್ ಮಾಡಿದೆ.

ಅಜ್ಜಿ ತೀರ್ಕೊಂಡು ಎಂಟು ತಿಂಗಳಾಯ್ತು. ಒಂದಿನ ಅಪ್ಪ ಬಂದು, "ಅವ್ವನ ದನಿ ಇರೋದು ಏನಾದ್ರೂ ಐತೇನೋ ನಿನ್ ಫೋನಲ್ಲಿ?" ಅಂದ್ರು. ಅಜ್ಜಿ ಇರೋ 34 ಕ್ಲಿಪ್ ನನ್ನ ಹತ್ರ ಇದ್ವು. ಒಂದರಲ್ಲೂ ದನಿ ಇಲ್ಲ. ಕೊನೆಗೆ ಚಿಕ್ಕಪ್ಪನ ಮಗಳ ಫೋನಲ್ಲಿ 11 ಸೆಕೆಂಡ್ ಸಿಕ್ತು. "ಆ ಫೋನ್ ಅತ್ಲಾಗಿಟ್ಟು ಕಾಗೆ ಓಡ್ಸೋ ಮೊದ್ಲು." ಅಷ್ಟೇ. ನಮ್ಮನೇಲಿ ಅಜ್ಜಿ ಅಂದ್ರೆ ಈಗ ಆ 11 ಸೆಕೆಂಡ್.

(2/6)
ವಿಡಿಯೋ ಮಾಡೋದು ಬಿಡಿ ಅಂತ ನಾನು ಹೇಳ್ತಿಲ್ಲ. ನಾವು ಮಾಡ್ತಿರೋದು ಸಾಲದು ಅಂತ ಹೇಳ್ತಿದೀನಿ. ದಿನಾ ಶೂಟ್ ಮಾಡ್ತೀವಿ, ಆದ್ರೆ ಮನೆಯವರು ನಮಗೆ ಬರೀ ಬ್ಯಾಕ್‌ಗ್ರೌಂಡು. ಮನೆ ವಿಡಿಯೋ ತೆಗೆದು, ಕೂತು ಎಡಿಟ್ ಮಾಡಿ, ಮನೆಯವರಿಗೇ ತೋರಿಸೋದನ್ನ ಒಂದು ಹವ್ಯಾಸ ಮಾಡ್ಕೊಳ್ಳಿ.

ಇದೇನು ಹೊಸ ಹುಚ್ಚಲ್ಲ. 1895ರ ಡಿಸೆಂಬರ್ 28ಕ್ಕೆ ಪ್ಯಾರಿಸ್‌ನಲ್ಲಿ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಹತ್ತು ಪುಟ್ಟ ಚಿತ್ರ ತೋರಿಸಿದ್ರು. ಅದರಲ್ಲಿ ಒಂದು, ಅಣ್ಣ ಆಗಸ್ಟ್ ಮತ್ತು ಅವನ ಹೆಂಡತಿ ತಮ್ಮ ಪಾಪುಗೆ ತಿನ್ನಿಸ್ತಿರೋ ದೃಶ್ಯ. ಅಂದ್ರೆ ಸಿನಿಮಾ ಕಣ್ಣು ಬಿಟ್ಟ ಕಾಲದಲ್ಲೇ ಮನೆ ವಿಡಿಯೋ ಇತ್ತು. 1965ರಲ್ಲಿ ಸೂಪರ್ 8 ಬಂದಾಗ ಒಂದು ಕಾರ್ಟ್ರಿಡ್ಜ್‌ಗೆ ಸುಮಾರು ಮೂರು ನಿಮಿಷ ಅಷ್ಟೇ. ಆ ಕಾಲದೋರು ಬಟನ್ ಒತ್ತೋ ಮೊದಲು ಯೋಚನೆ ಮಾಡಲೇಬೇಕಿತ್ತು. ನಮಗೆ ಗಂಟೆಗಟ್ಟಲೆ ಜಾಗ ಇದೆ, ತೆಗೆದಿದ್ದನ್ನ ತಿರುಗಿ ನೋಡೋ ವ್ಯವಧಾನ ಇಲ್ಲ.

(3/6)
"ಆ್ಯಪಲ್ಲಿ ಇದೆಯಲ್ಲ ಬಿಡೋ" ಅಂತೀರಾ? 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ಬ್ಯಾನ್ ಆದ್ವು. ಅದರಲ್ಲಿ ಮಾತ್ರ ವಿಡಿಯೋ ಇಟ್ಕೊಂಡಿದ್ದವರ ಗತಿ ನೆನಪು ಮಾಡ್ಕೊಳ್ಳಿ. ನಮ್ಮ ಅಪ್ಪ ಅಮ್ಮನ ಮದುವೆ ಕ್ಯಾಸೆಟ್ ಬೀರುವಲ್ಲಿ ಸೀರೆ ಕೆಳಗೆ ಭದ್ರವಾಗಿದೆ, ಹಾಕಿ ನೋಡೋಕೆ ಪ್ಲೇಯರ್ ಇಲ್ಲ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಸೋದನ್ನೇ ನಿಲ್ಲಿಸ್ತು.

ಬಿಕಾಂನೋರೇ, ನಮ್ಮ ಭಾಷೇಲಿ ಹೇಳ್ತೀನಿ. ಸರಕು ಬೇರೆಯವರ ಗೋಡೌನಲ್ಲಿಟ್ಟು, ಕೀನೂ ಅವರ ಕೈಲೇ ಕೊಟ್ಟು, ನಮ್ಮ ಬ್ಯಾಲೆನ್ಸ್ ಶೀಟಲ್ಲಿ ಅಸೆಟ್ ಅಂತ ತೋರಿಸ್ತಿದೀವಿ. ಯಾವ ಆಡಿಟರ್ ಒಪ್ತಾನೆ ಹೇಳಿ?

(4/6)
ನೀವು ಹೇಳೋ ನೆಪ ಎಲ್ಲಾ ನಂಗೊತ್ತು, ನಾನೂ ಹೇಳಿದೀನಿ.

"ಒಳ್ಳೆ ಕ್ಯಾಮೆರಾ ಇಲ್ಲ." ಕೈಲಿರೋ ಫೋನ್ ಸಾಕು. ಲ್ಯಾಪ್‌ಟಾಪ್ ಇದ್ರೆ ಶಾಟ್‌ಕಟ್, ಕೆಡೆನ್‌ಲೈವ್ ಎರಡೂ ಫ್ರೀ, ವಾಟರ್‌ಮಾರ್ಕ್ ಕೂಡ ಬರಲ್ಲ.

"ಟೈಮಿಲ್ಲ." ನಿಮ್ಮ ಫೋನಿನ ಸ್ಕ್ರೀನ್ ಟೈಮ್ ತೆಗೆದು ನೋಡಿ, ಆಮೇಲೆ ಮಾತಾಡೋಣ.

"ದುಡ್ಡು ಬರತ್ತಾ?" ಬರಲ್ಲ. ಸಂಜೆ ಕ್ರಿಕೆಟ್ ಆಡೋಕೆ ಯಾರು ದುಡ್ಡು ಕೊಡ್ತಾರೆ? ಎಲ್ಲದಕ್ಕೂ ಲಾಭ ನಷ್ಟ ಬರೆಯೋಕೆ ಬದುಕೇನು ಇಂಟರ್ನಲ್ಸಾ?

"ಆ ಕ್ಷಣ ಅನುಭವಿಸ್ಬೇಕು, ಫೋನ್ ಹಿಡಿಬಾರದು." ಇದು ಮಾತ್ರ ಸರಿ. ಅದಕ್ಕೇ ಹತ್ತು ನಿಮಿಷ ತೆಗೆದು ಜೇಬಿಗೆ ಹಾಕಿ.

(5/6)
ಎಡಿಟಿಂಗ್ ಯಾಕೆ ಬೇಕು? ಮೊನ್ನೆ ಅಮ್ಮನ ಒಂದು ಬೆಳಗ್ಗೆ ತೆಗೆದೆ. 21 ನಿಮಿಷದ ಕ್ಲಿಪ್ಸ್. ಮೂರು ನಿಮಿಷಕ್ಕೆ ಇಳಿಸೋಣ ಅಂತ ಕೂತೆ. ಕೊನೆಗೆ ಅಮ್ಮ ಕೂತು ತಿಂಡಿ ತಿನ್ನೋ ಶಾಟ್ ಹಾಕಿದ್ರೆ ಚೆನ್ನಾಗಿರತ್ತೆ ಅನ್ನಿಸ್ತು, ಹುಡುಕಿದೆ. ಒಂದೂ ಇರ್ಲಿಲ್ಲ. ಎಲ್ಲಾ ಶಾಟಲ್ಲೂ ಅಮ್ಮ ನಿಂತೇ ಇದಾಳೆ. ಇಪ್ಪತ್ತು ವರ್ಷ ಅದೇ ಅಡುಗೆಮನೆಯಲ್ಲಿ ತಿಂದಿದೀನಿ, ಟೈಮ್‌ಲೈನಲ್ಲಿ ನೋಡೋವರೆಗೂ ಗಮನಿಸಿರ್ಲಿಲ್ಲ. ಈಗ ದೋಸೆ ನಾನು ಹುಯ್ತೀನಿ. ಮೊದಲನೇದು ಹರಿಯತ್ತೆ, ಪರ್ವಾಗಿಲ್ಲ.

ನಾನು ಕಲಿತಿದ್ದು ಇಷ್ಟು: ಮನೆ ಟಿವೀಲಿ ನೋಡೋದಿದ್ರೆ ಫೋನ್ ಅಡ್ಡ ಹಿಡೀರಿ. ಒಂದೊಂದು ಶಾಟ್ ಹತ್ತು ಸೆಕೆಂಡ್ ಅಲ್ಲಾಡಿಸ್ದೆ ತೆಗೀರಿ. ಮಾತು ತೆಗೆಯುವಾಗ ಫ್ಯಾನ್ ಆಫ್ ಮಾಡಿ, ಹತ್ತಿರ ಹೋಗಿ. "ಏನಾದ್ರೂ ಹೇಳು" ಅನ್ಬೇಡಿ, "ನಿನ್ನ ಮದುವೇಲಿ ಏನ್ ಅಡುಗೆ ಮಾಡಿದ್ರು?" ಅಂತ ಕೇಳಿ. ಹಾಡು ಬೇಕಾದ್ರೆ ಹಾಕಿ, ಆದ್ರೆ ಮಾತಿನ ಕೆಳಗೆ, ಸಣ್ಣಗೆ. ವಾಟ್ಸ್ಆ್ಯಪಲ್ಲಿ ಕಳಿಸೋದಿದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಕ್ವಾಲಿಟಿ ಇಳಿಯತ್ತೆ. ಒರಿಜಿನಲ್ ಫೈಲ್ ಎರಡು ಕಡೆ ಇಡಿ, ಒಂದು ಕಾಪಿ ಪೆನ್‌ಡ್ರೈವಲ್ಲೋ ಹಾರ್ಡ್ ಡಿಸ್ಕಲ್ಲೋ ಇರ್ಲಿ.

(6/6)
ತೆಗೆಯೋ ಮುಂಚೆ ಕೇಳಿ, ಬೇಡ ಅಂದ್ರೆ ಬಿಡಿ. ಮಾಡಿದ್ದನ್ನೆಲ್ಲಾ ಪೋಸ್ಟ್ ಮಾಡ್ಬೇಕು ಅಂತಾನೂ ಇಲ್ಲ. ಅಮ್ಮನ ವಿಡಿಯೋ ಇಲ್ಲಿ ಹಾಕಲ್ಲ, ಅದಕ್ಕೆ ನಾಲ್ಕೇ ವ್ಯೂ, ನಾಲ್ಕೂ ನಮ್ಮನೆಯವರದ್ದು. ಅಮ್ಮ "ನನ್ ಕೂದ್ಲು ನೋಡು, ಥೂ" ಅಂದು ಎರಡು ಸಲ ನೋಡಿದ್ಲು.

ಈ ಭಾನುವಾರ ಹತ್ತು ನಿಮಿಷ ತೆಗೀರಿ. ಮನೇಲಿ ಅಜ್ಜಿ ತಾತ ಇರೋರು ಭಾನುವಾರದವರೆಗೂ ಕಾಯ್ಬೇಡಿ, ಇವತ್ತೇ ಹೋಗಿ. ಬೈದ್ರೆ ಬೈಲಿ, ರೆಕಾರ್ಡಿಂಗ್ ನಿಲ್ಲಿಸ್ಬೇಡಿ. ನನ್ನ ಹತ್ರ ಉಳಿದಿರೋದು ಬೈಗುಳ ಒಂದೇ.

ಆಗ್ಲೇ ಮ್ಯೂಟ್ ಮಾಡಿ ಕಳ್ಕೊಂಡಿರೋರು ಕಾಮೆಂಟಲ್ಲಿ ಹೇಳಿ. ನಾನೊಬ್ಬನೇ ಅಲ್ಲ ಅಂತ ಗೊತ್ತಾಗ್ಲಿ.

#ಮನೆವಿಡಿಯೋ #ಮ್ಯೂಟ್‌ಮಾಡ್ಬೇಡಿ