ಮಣ್ಣಿಗೆ ಕಾರ್ಡು ಉಂಟು, ಬಾಗಿಲ ಬಣ್ಣಕ್ಕೆ ಪರೀಕ್ಷೆಯಿಲ್ಲ

ದೀಪಾವಳಿ ಹತ್ತಿರವಾಯಿತೆಂದರೆ ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ ಬಾಗಿಲು ಉಜ್ಜುವ ಸದ್ದು ಕೇಳತೊಡಗುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಈ ಊರಿನಲ್ಲಿಯೂ ಪಕ್ಕದ ಹಾನಗಲ್ಲಿನ ಹಳ್ಳಿಗಳಲ್ಲಿಯೂ ಮಳೆಗಾಲದ ತೇವವು ಮರದ ಮೇಲಿನ ಬಣ್ಣವನ್ನು ಸಿಪ್ಪೆಯೆಬ್ಬಿಸುತ್ತದೆ. ಪೇಂಟರು ಬಂದು ಹಳೆಯ ಪದರನ್ನು ಕಬ್ಬಿಣದ ಪಟ್ಟಿಯಿಂದ ಕೆರೆಯುತ್ತಾನೆ, ಎಮರಿ ಕಾಗದದಿಂದ ತಿಕ್ಕುತ್ತಾನೆ. ಧೂಳು ಪಡಸಾಲೆಯ ತುಂಬ ಹರಡುತ್ತದೆ. ಅಲ್ಲಿಯೇ ಅಂಬೆಗಾಲಿಡುವ ಕೂಸು ನೆಲಕ್ಕೂರಿದ ಕೈಯನ್ನು ಬಾಯಿಗಿಡುತ್ತದೆ. ಸಂಜೆ ಗುಡಿಸಿದ ಕಸ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ. ಆ ಧೂಳಿನಲ್ಲಿ ಏನಿದೆಯೆಂದು ಯಾರೂ ಕೇಳುವುದಿಲ್ಲ. ಕೇಳಬೇಕೆನಿಸಿದವರಿಗೂ ಯಾರನ್ನು ಕೇಳಬೇಕೆಂಬುದು ತಿಳಿಯದು.

ಹಳೆಯ ಆಯಿಲ್ ಪೇಂಟಿನಲ್ಲಿ ಸೀಸ ಇರುವುದು ಆಕಸ್ಮಿಕವಲ್ಲ. ಅದನ್ನು ಬೇಕೆಂದೇ ಸೇರಿಸಲಾಗುತ್ತಿತ್ತು. ಉಜ್ವಲವಾದ ಹಳದಿ ಮತ್ತು ಕಿತ್ತಳೆ ವರ್ಣಗಳು ಸೀಸದ ಕ್ರೋಮೇಟಿನಿಂದ ಬರುತ್ತಿದ್ದವು. ಅದಕ್ಕೆ ನೀಲಿ ಬೆರೆಸಿದರೆ ಬಾಗಿಲುಗಳ ಪರಿಚಿತ ಹಸಿರು. ಕಿಟಕಿಯ ಸರಳು ತುಕ್ಕು ಹಿಡಿಯದಿರಲೆಂದು ಬಳಿಯುತ್ತಿದ್ದ ಕೇಸರಿ ಬಣ್ಣದ ಅಸ್ತರು ಸೀಸದ ಆಕ್ಸೈಡು. ಬಣ್ಣ ಬೇಗ ಒಣಗಲೆಂದು ಸೇರಿಸುತ್ತಿದ್ದ ದ್ರವ್ಯದಲ್ಲಿಯೂ ಸೀಸವೇ. ‘ಹಳ್ಳಿಯ ಗೋಡೆಗೆ ಸುಣ್ಣ, ಕೆಮ್ಮಣ್ಣು, ಅಲ್ಲಿ ಸೀಸವೆಲ್ಲಿಂದ ಬಂತು?’ ಎಂದು ವಾದಿಸುವವರಿದ್ದಾರೆ. ಗೋಡೆಯ ಮಟ್ಟಿಗೆ ಅವರ ಮಾತು ಸರಿ. ಆದರೆ ಮಗು ಹಿಡಿದು ನಿಲ್ಲುವುದು ಕಿಟಕಿಯ ಸರಳನ್ನು, ಕಚ್ಚುವುದು ತೊಟ್ಟಿಲ ಅಂಚನ್ನು. ಆಯಿಲ್ ಪೇಂಟು ಕುಳಿತಿರುವುದು ಅಲ್ಲಿಯೇ.

ವಯಸ್ಕರು ನುಂಗಿದ ಸೀಸದಲ್ಲಿ ಸುಮಾರು ಹತ್ತನೆಯ ಒಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಲ್ಲದು. ಕಬ್ಬಿಣಾಂಶದ ಕೊರತೆಯಿರುವ ಮಗುವಿನ ಕರುಳು ಇನ್ನೂ ಹೆಚ್ಚು ಹೀರುತ್ತದೆ. ರಕ್ತಹೀನತೆ ವ್ಯಾಪಕವಾಗಿರುವ ಹಳ್ಳಿಗಳಲ್ಲಿ ಈ ಮಾತಿನ ತೂಕವೇ ಬೇರೆ. ದೇಹ ಸೀಸವನ್ನು ಸುಣ್ಣದಂಶವೆಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ, ಗರ್ಭಿಣಿಯಾದಾಗ ಮೂಳೆಯಿಂದ ಹೊರಬಿಡುತ್ತದೆ. ಮಿದುಳಿಗಾದ ಹಾನಿ ಮರಳಿ ಸರಿಹೋಗುವುದಿಲ್ಲ. ಹೊಟ್ಟೆನೋವು, ಮಂಕು, ಓದಿನಲ್ಲಿ ಹಿಂದುಳಿಯುವಿಕೆ, ಇವು ಯಾವುವೂ ಸೀಸದ ಹೆಸರು ಹೇಳಿಕೊಂಡು ಬರುವುದಿಲ್ಲ. ‘ದಡ್ಡ ಹುಡುಗ’ ಎಂಬ ಬೈಗುಳದಲ್ಲಿ ಪ್ರಕರಣ ಮುಗಿದುಹೋಗುತ್ತದೆ.

ಇದು ಹೊಸ ಸಂಶೋಧನೆಯೇನಲ್ಲ. ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿ ಬಳಿಯುವುದನ್ನು ನಿರ್ಬಂಧಿಸುವ ಅಂತರರಾಷ್ಟ್ರೀಯ ಒಪ್ಪಂದ ಜಿನೀವಾದಲ್ಲಿ ಸಿದ್ಧವಾದದ್ದು 1921ರಲ್ಲಿ. ಅಮೆರಿಕ ಮನೆಬಣ್ಣದ ಸೀಸವನ್ನು 1978ರಲ್ಲಿ ನಿಷೇಧಿಸಿತು. ಭಾರತದ ನಿಯಮ ಹೊರಬಿದ್ದದ್ದು 2016ರ ನವೆಂಬರಿನಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ: ಹತ್ತು ಲಕ್ಷ ಭಾಗಕ್ಕೆ 90 ಭಾಗ ಸೀಸ, ಅದಕ್ಕಿಂತ ಹೆಚ್ಚಿಲ್ಲ. ತಡವಾದರೂ ಒಳ್ಳೆಯ ನಿಯಮವೇ. ಆದರೆ ಅದು ಕಾಯುವುದು ಅಂಗಡಿಯ ಹೊಸ ಡಬ್ಬಿಯನ್ನು ಮಾತ್ರ. ಕೈಗಾರಿಕಾ ಬಣ್ಣಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅವು ಬೇರೆ ದಾರಿಯಿಂದ ಮನೆ ಸೇರದಂತೆ ತಡೆಯುವವರೂ ಇಲ್ಲ. 2017ಕ್ಕಿಂತ ಮೊದಲು ಬಳಿದು ಈಗ ಪದರಪದರವಾಗಿ ಉದುರುತ್ತಿರುವ ಬಣ್ಣದ ಬಗ್ಗೆ ನಿಯಮ ಮೌನವಾಗಿದೆ. ‘ಕಾನೂನು ಬಂದಿತು, ಸಮಸ್ಯೆ ಹೋಯಿತು’ ಎನ್ನುವ ಅಧಿಕಾರಿಗೆ ಬಾಗಿಲಿಗೂ ಡಬ್ಬಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ಗೊತ್ತಿಲ್ಲವೆಂದಲ್ಲ. 1997ರಿಂದ 1999ರವರೆಗೆ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಜಾರ್ಜ್ ಫೌಂಡೇಶನ್ ನಡೆಸಿದ ರಕ್ತಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಅಂದಿನ ಮಿತಿಯನ್ನು ಮೀರಿದ ಸೀಸವಿತ್ತು. 2000ದಲ್ಲಿ ಸೀಸದ ಪೆಟ್ರೋಲು ದೇಶದಿಂದ ತೊಲಗಿತು. ಆದರೆ ಬಣ್ಣದ ಸೀಸ ಉಳಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದರು. ಅವರೂ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವಿಶೇಷವಾಗಿ ನೆನೆಯತಕ್ಕದ್ದು. ಮಂಗಳೂರಿನ ಶಾಲಾಮಕ್ಕಳ ರಕ್ತ ಪರೀಕ್ಷಿಸಿ, ಸೀಸ ಹೆಚ್ಚಿದ್ದ ಕೆಲವು ಮಕ್ಕಳ ಸುತ್ತಲಿನ ವಸ್ತುಗಳಿಗೆ ಕೈಯಲ್ಲಿ ಹಿಡಿಯುವ ಕ್ಷಕಿರಣ ಯಂತ್ರವನ್ನು ಒಡ್ಡಿ ವಿಷದ ಮೂಲವನ್ನು ಹುಡುಕಿದರು. ಹೆಚ್ಚಿನ ಮಕ್ಕಳ ವಿಷಯದಲ್ಲಿ ಅದು ಅವರ ಹತ್ತಿರದ ಪರಿಸರದಲ್ಲಿಯೇ ಸಿಕ್ಕಿತು. ಅಂದರೆ ಮನೆಗೆ ಹೋಗಿ ಪತ್ತೆಹಚ್ಚುವ ಕೆಲಸ ಇದೇ ರಾಜ್ಯದಲ್ಲಿ ಇಪ್ಪತ್ತು ವರ್ಷಗಳ ಹಿಂದೆಯೇ ನಡೆದಿದೆ. ಆ ಯಂತ್ರ ಘಟ್ಟ ಹತ್ತಿ ಹಾವೇರಿ ಜಿಲ್ಲೆಯ ಹಳ್ಳಿಯ ಹೊಸ್ತಿಲಿಗೆ ಬರಲಿಲ್ಲ, ಅಷ್ಟೆ.

ಅಮೆರಿಕದಲ್ಲಿ ಮನೆ ಕೊಂಡ ಕನ್ನಡ ಕುಟುಂಬಗಳಿಗೆ ಈ ವ್ಯವಹಾರದ ಪರಿಚಯವಿದೆ. 1978ಕ್ಕಿಂತ ಹಳೆಯ ಮನೆಯಾದರೆ, ತನಗೆ ತಿಳಿದ ಸೀಸದ ವಿಷಯವನ್ನು ಮಾರುವವನು ಬರೆದುಕೊಡಬೇಕು. ಕೊಳ್ಳುವವನಿಗೆ ಪರೀಕ್ಷೆ ಮಾಡಿಸಲು 10 ದಿನಗಳ ಅವಕಾಶವಿರಬೇಕು. 1992ರ ಕಾನೂನಿನ ವಿಧಿ ಅದು. ಪರವಾನಗಿ ಪಡೆದ ಪರೀಕ್ಷಕನು ಬಂದು ಕೋಣೆಕೋಣೆಯ ಬಾಗಿಲು, ಚೌಕಟ್ಟು, ಸರಳುಗಳಿಗೆ ಯಂತ್ರ ಒತ್ತುತ್ತಾನೆ. ಮೇಲಿನ ಹೊಸ ಬಣ್ಣದ ಅಡಿಯಲ್ಲಿರುವ ಸೀಸವೂ ಕೆಲವೇ ಕ್ಷಣಗಳಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ, ತಿಕ್ಕಿದರೆ ಕೆಂಪಾಗುವ ಕಡ್ಡಿ ಈ ಕೆಲಸ ಮಾಡಲಾರದು. ಅದು ಪ್ರಮಾಣ ಹೇಳುವುದಿಲ್ಲ, ಒಳಪದರವನ್ನು ಕಾಣದೆಯೂ ಹೋಗಬಹುದು. ಪರೀಕ್ಷಿಸುವವನೂ ಕೆರೆಯುವ ಗುತ್ತಿಗೆ ಹಿಡಿಯುವವನೂ ಒಬ್ಬನೇ ಆಗಬಾರದೆಂಬ ಎಚ್ಚರಿಕೆಯನ್ನೂ ಅಲ್ಲಿನವರು ಹೇಳುತ್ತಾರೆ. ಎಲ್ಲ ಮನೆಗಳಲ್ಲಿಯೂ ಸೀಸವನ್ನು ‘ಕಂಡುಹಿಡಿಯುವ’ ಪರೀಕ್ಷಕ ಯಾವ ದೇಶದಲ್ಲಿಯೂ ಹುಟ್ಟಬಲ್ಲ.

ಬಂಕಾಪುರದ ರೈತ ಏನು ಮಾಡಬೇಕು? ಬೆಂಗಳೂರಿನ ಖಾಸಗಿ ಪ್ರಯೋಗಾಲಯವನ್ನು ಹುಡುಕಿಕೊಂಡು ಹೋಗಬೇಕೇ? ಪರೀಕ್ಷೆ ಹಣವಂತರ ಸೌಕರ್ಯವಾದರೆ ಹಳ್ಳಿಯ ಕೂಸು ಎಂದಿಗೂ ಲೆಕ್ಕಕ್ಕೆ ಬರಲಾರದು. ಇಲ್ಲಿ ಕೃಷಿ ಇಲಾಖೆಗೆ ಹೇಳಬೇಕಾದ ಮಾತೊಂದಿದೆ. 2015ರಿಂದ ರೈತರಿಗೆ ಮಣ್ಣು ಆರೋಗ್ಯ ಕಾರ್ಡು ಕೊಡಲಾಗುತ್ತಿದೆ. ಅದರಲ್ಲಿ 12 ಅಂಶಗಳಿವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸುಗಳೂ ಸೇರಿವೆ. ಈ ಲೋಹಗಳನ್ನು ಅಳೆಯಲು ಬಳಸುವ ಪರಮಾಣು ಹೀರಿಕೆ ಯಂತ್ರವು ಸೀಸವನ್ನೂ ಅಳೆಯಬಲ್ಲದು. ಬೇಕಾದದ್ದು ಸೀಸಕ್ಕೆಂದೇ ಇರುವ ದೀಪ, ಬಣ್ಣದ ಚೂರನ್ನು ಆಮ್ಲದಲ್ಲಿ ಕರಗಿಸುವ ವ್ಯವಸ್ಥೆ, ತರಬೇತಾದ ಒಂದು ಜೊತೆ ಕೈ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಈ ಜಿಲ್ಲೆಯ ರೈತರಿಗೆ ಅಪರಿಚಿತವಲ್ಲ. ಹೊಲದ ಮಣ್ಣಿನ ಚೀಲ ತಲುಪುವ ದಾರಿಯಲ್ಲಿಯೇ ಬಾಗಿಲ ಬಣ್ಣದ ಚೂರೂ ತಲುಪಬಹುದು. ‘ಇದು ನಮ್ಮ ಇಲಾಖೆಗೆ ಸೇರಿದ್ದಲ್ಲ’ ಎಂಬ ಉತ್ತರ ಬರುವುದು ಖಚಿತ. ತಿಪ್ಪೆಯ ಮೂಲಕ ಹೊಲ ಸೇರಿದ ಸೀಸ ಕೊಳೆಯುವುದಿಲ್ಲ, ಮಳೆಗೆ ಸುಲಭವಾಗಿ ಇಳಿದುಹೋಗುವುದೂ ಇಲ್ಲ. ಮೇಲ್ಮಣ್ಣಿನಲ್ಲಿಯೇ ತಲೆಮಾರುಗಳವರೆಗೆ ಕುಳಿತಿರುತ್ತದೆ. ಮೇಲ್ಮಣ್ಣು ಯಾವ ಇಲಾಖೆಗೆ ಸೇರಿದ್ದು?

ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಆಯಿಲ್ ಪೇಂಟು ಬಳಿಯುವವರೂ ಒಂದು ಗಳಿಗೆ ಯೋಚಿಸಬೇಕು. ಎತ್ತುಗಳು ಒಂದನ್ನೊಂದು ನೆಕ್ಕುತ್ತವೆ. ದನಗಳಿಗೆ ಬಣ್ಣದಿಂದ ಸೀಸದ ವಿಷ ಏರುವುದು ಪಶುವೈದ್ಯರಿಗೆ ಹಳೆಯ ಸಂಗತಿ.

ಆರಂಭವಾಗಬೇಕಾದದ್ದು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಂದ. ಹಬ್ಬ, ಜಯಂತಿ, ಅನುದಾನ ಎಂದು ಅವುಗಳ ಬಾಗಿಲು ಕಿಟಕಿಗಳಿಗೆ ಪದರದ ಮೇಲೆ ಪದರ ಬಳಿಯಲಾಗಿದೆ. ಗೋಡೆಗೆ ರೈಲುಬೋಗಿಯ ಚಿತ್ರ ಬರೆಸುವ ಉತ್ಸಾಹ ಅಡಿಯ ಪದರನ್ನು ಪರೀಕ್ಷಿಸುವಲ್ಲಿ ಕಾಣುವುದಿಲ್ಲ. ಬಣ್ಣದ ಅನುದಾನ ಬಿಡುಗಡೆಯಾಗುವ ಮುನ್ನ ಹಳೆಯ ಪದರದ ಪರೀಕ್ಷಾ ವರದಿ ಇರಬೇಕೆಂದು ಗ್ರಾಮಸಭೆಗಳು ನಿರ್ಣಯಿಸಬೇಕು. ಕ್ಷಕಿರಣ ಯಂತ್ರವೊಂದನ್ನು ಜಿಲ್ಲಾ ಆಡಳಿತ ಇಟ್ಟುಕೊಂಡು ಶಾಲೆಯಿಂದ ಶಾಲೆಗೆ ಒಯ್ಯಿಸಬೇಕು. ವಿಜ್ಞಾನದ ವಿದ್ಯಾರ್ಥಿಗಳು ತಮ್ಮ ಊರಿನ ಯಾವ ಬಾಗಿಲು ಯಾವಾಗ ಬಳಿದದ್ದು ಎಂಬ ಪಟ್ಟಿಯನ್ನಾದರೂ ಇಂದೇ ಆರಂಭಿಸಬಹುದು. 2017ಕ್ಕಿಂತ ಹಿಂದಿನದೆಂದು ಹಿರಿಯರು ಹೇಳಿದ ಪ್ರತಿ ಬಾಗಿಲೂ ಪರೀಕ್ಷೆಯಾಗುವವರೆಗೆ ಸಂಶಯಕ್ಕೆ ಅರ್ಹ.

ಪರೀಕ್ಷೆ ಬರುವವರೆಗೆ ಒಣಗಿದ ಬಣ್ಣವನ್ನು ಕೆರೆಯಬಾರದು, ಬೆಂಕಿಯುರಿಯಿಂದ ಸುಟ್ಟು ತೆಗೆಯಲೇಬಾರದು. ಗಟ್ಟಿಯಾಗಿರುವ ಪದರವನ್ನು ಕೆಣಕದೆ ಅದರ ಮೇಲೆಯೇ ಬಳಿಯುವುದು ಲೇಸು. ಹೊಸ ಡಬ್ಬಿಯ ಮೇಲೆ ಸೀಸ 90 ಭಾಗ ಮೀರಿಲ್ಲವೆಂಬ ಬರಹವಿದೆಯೇ ಎಂದು ಓದಿ ಕೊಳ್ಳಬೇಕು. ಕೆರೆಯಲೇಬೇಕಾದಲ್ಲಿ ನೀರು ಚಿಮುಕಿಸಿ ತೇವದಲ್ಲಿ ಕೆರೆದು, ಕೆಳಗೆ ಪ್ಲಾಸ್ಟಿಕ್ ಹಾಸಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ದಿನಗಳಲ್ಲಿ ಬೇರೆ ಮನೆಗೆ ಕಳಿಸಬೇಕು. ಪೇಂಟರನೂ ಒಬ್ಬ ತಂದೆ. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳು ಮೆತ್ತಿದ ಅಂಗಿಯನ್ನು ಕಳಚಿ, ಕೈಕಾಲು ತೊಳೆದು ತನ್ನ ಮನೆಯ ಹೊಸ್ತಿಲು ದಾಟಬೇಕು. ಕೆರೆದ ಸಿಪ್ಪೆಯನ್ನು ಚೀಲದಲ್ಲಿ ಬಿಗಿದು ಕಟ್ಟಿಡಬೇಕು, ತಿಪ್ಪೆಗೆ ಸುರಿಯಬಾರದು. ಆ ಚೀಲವನ್ನು ಎಲ್ಲಿಗೆ ಒಪ್ಪಿಸಬೇಕೆಂದು ಪುರಸಭೆ ಮತ್ತು ಗ್ರಾಮಪಂಚಾಯತಿಗಳು ಈ ದೀಪಾವಳಿಯೊಳಗೆ ಬರಹದಲ್ಲಿ ತಿಳಿಸಲಿ.